ನಮ್ಮ ಮೈಕು ನಿಮ್ಮ ಜೊತೆ ಬಂದ್ಬಿಟ್ಟಿದೆಯೇನೋ

ಮೈಸೂರಿನ ಸರಸ್ವತಿಪುರಂನಲ್ಲಿ, ಫೈರ್ ಬ್ರಿಗೇಡ್ ಸ್ಟಾಪಿನಲ್ಲಿ ಇಳಿದು ನಡೆದೇ ಹೋಗಬಹುದಾದ ಒಂದು ಮನೆ. ಅದರ ಮೊದಲ ಮಹಡಿಯಲ್ಲಿ ಒಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಹೆಸರು ಹಾಕಿಯೇ ಬರೆಯಬೇಕು ಅಂತಿದ್ದೆ. "ಬೇಡ ಮೇಷ್ಟ್ರೇ, ಮೈಕ್ ಕಳ್ಕೊಂಡ ಸ್ಟುಡಿಯೋ ಅಂತ ಹೆಸರಾಗ್ಬಿಡುತ್ತೆ" ಅಂತ ಅದರ ಮಾಲೀಕರು ನಕ್ಕುಬಿಟ್ಟರು. ಹಾಗಾಗಿ ಹೆಸರಿಲ್ಲ. ಆ ಬೀದಿಯಲ್ಲಿ ಕೇಳಿದರೆ ಇಸ್ತ್ರಿ ಅಂಗಡಿಯವನೇ ತೋರಿಸುತ್ತಾನೆ.

ನಾನು ಮದ್ದೂರು ತಾಲೂಕಿನವನು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ದೊಡ್ಡಮ್ಮ ಸೋಬಾನೆ ಹೇಳುವವರು. ಸುತ್ತಲಿನ ಊರುಗಳಲ್ಲಿ ಯಾರ ಮನೆ ಮದುವೆ ಆದರೂ ಅರಿಶಿನದ ಶಾಸ್ತ್ರಕ್ಕೆ ಇವರ ಗುಂಪೇ ಬೇಕು. ಇವರು ಒಂದು ಸೊಲ್ಲು ಹೇಳಿದರೆ ಉಳಿದ ಐದು ಜನ ಅದನ್ನು ಎತ್ತಿಕೊಳ್ಳುತ್ತಾರೆ. ಈಗ ದೊಡ್ಡಮ್ಮನಿಗೆ 74. ಒಂದೊಂದು ಪದದ ನಡುವೆ ತಡವರಿಸುವುದು ಶುರುವಾಗಿದೆ. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟದ್ದು ಬೇಕಾದಷ್ಟಿದೆ, ಆದರೆ ಎಲ್ಲದರಲ್ಲೂ ಕುಕ್ಕರ್ ಸೀಟಿ, ಕೋಳಿ, ಯಾವುದೋ ಮಗುವಿನ ಅಳು. ಒಂದು ಸಲ ನೆಟ್ಟಗೆ ಮಾಡಿಸಿಬಿಡೋಣ ಅಂತ ಹೊರಟೆ.

ಸ್ಟುಡಿಯೋ ಅಂದ ತಕ್ಷಣ ದೊಡ್ಡಮ್ಮ ಕೇಳಿದ್ದು, "ಅದೇ ಬೆಂಕಿ ಬಿದ್ದಿತ್ತಲ್ಲ, ಅಲ್ಲಿಗಾ?" 1989ರಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಶೂಟಿಂಗ್ ಹೊತ್ತಲ್ಲಿ ಬೆಂಕಿ ಬಿದ್ದು ಆದ ಅನಾಹುತ ನಮ್ಮ ಕಡೆ ಇನ್ನೂ ಯಾರೂ ಮರೆತಿಲ್ಲ. ಅಲ್ಲ, ರೇಡಿಯೋ ತರಹದ ಜಾಗ ಅಂದೆ. ಆಗ ಸಮಾಧಾನ ಆಯಿತು. ಮೈಸೂರಿನಲ್ಲಿ ರೇಡಿಯೋ ಅಂದರೆ ಮರ್ಯಾದೆ ಜಾಸ್ತಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ಊರು, ಆಕಾಶವಾಣಿ ಅನ್ನುವ ಹೆಸರು ಬಂದದ್ದೂ ಇಲ್ಲಿಂದಲೇ. ದೊಡ್ಡಮ್ಮನಿಗೆ ಇದೆಲ್ಲ ಗೊತ್ತಿಲ್ಲ, ಆದರೆ ಯಾದವಗಿರಿಯ ಆಕಾಶವಾಣಿ ಕಟ್ಟಡ ಗೊತ್ತು.

ಇನ್ನೊಂದು ತಕರಾರು ಇತ್ತು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಎಲ್ಲರೂ ಬಿಡುವಾಗಿರುತ್ತಾರೆ ಅಂತ ನಾನು ಆಷಾಢದಲ್ಲೇ ದಿನ ಗೊತ್ತು ಮಾಡಿದ್ದೆ. "ಆಷಾಢದಾಗೆ ಯಾರಾದ್ರೂ ಸೋಬಾನೆ ಹೇಳ್ತಾರೇನ್ಲಾ?" ಅಂತ ಬೈದರು. ಮಿಷನ್ನಿಗೆ ಹೇಳುವುದಕ್ಕೆ ಮುಹೂರ್ತ ಇಲ್ಲ ಅಂತ ಒಪ್ಪಿಸಿದೆ. ಶುಕ್ರವಾರ ಮಾತ್ರ ಬೇಡ ಅಂದುಕೊಂಡೆ. ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗುವ ಜನದ ನಡುವೆ ಮೈಸೂರಿನಲ್ಲಿ ಗಾಡಿ ಓಡಿಸುವುದು ಬೇಡಪ್ಪಾ ಬೇಡ. ಬುಧವಾರಕ್ಕೆ ಬುಕ್ ಮಾಡಿದೆ.

ಟೆಂಪೋ ಟ್ರಾವೆಲರ್‌ನಲ್ಲಿ ಆರು ಜನ ಹೆಂಗಸರು, ನಾನು, ತಮಟೆ ಬಾರಿಸುವ ನಮ್ಮೂರಿನ ಅಣ್ಣ. ಎರಡು ಪದಕ್ಕೆ ತಮಟೆ ಇರಲಿ ಅಂತ ಅವರನ್ನೂ ಕರೆದಿದ್ದೆ. ಜೊತೆಗೆ ಒಂದು ಡಬರಿ ಚಿತ್ರಾನ್ನ, ಎಲೆ ಅಡಿಕೆ ಚೀಲಗಳು, ಮತ್ತೆ ದೊಡ್ಡಮ್ಮನ ಮನೆಯ ಜಮಖಾನ. ಕುರ್ಚಿ ಮೇಲೆ ಕೂತು ಸೋಬಾನೆ ಹೇಳುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದರು. ಈ ಜಮಖಾನವನ್ನು ನೆನಪಿಟ್ಟುಕೊಳ್ಳಿ.

ಮಾಲೀಕರಿಗೆ ನಲವತ್ತರ ಆಸುಪಾಸು ಇರಬಹುದು. ಇವರ ಕೆಲಸ ಎಂಥದ್ದು ಅಂತ ನನಗೆ ಗೊತ್ತಾದದ್ದು ಮೊದಲ ಹತ್ತು ನಿಮಿಷದಲ್ಲೇ. ನಮ್ಮವರು ಸಾಲಾಗಿ ಕೂತರು, ದೊಡ್ಡಮ್ಮ ಒಂದು ಸೊಲ್ಲು ಹೇಳಿದರು. ಗಾಜಿನ ಆಚೆಯಿಂದ ಮಾಲೀಕರು ಕೇಳಿಸಿಕೊಂಡು ಎದ್ದು ಒಳಗೆ ಬಂದರು. ತೊಂದರೆ ಏನು ಅಂತ ನನಗೂ ಕೇಳಿಸಿತ್ತು. ಗಾಜಿನ ಬಳೆಗಳು. ನಡುವೆ ಇಟ್ಟಿದ್ದ ದೊಡ್ಡ ಕಂಡೆನ್ಸರ್ ಮೈಕು 48 ವೋಲ್ಟ್ ಕರೆಂಟ್ ತಗೊಂಡು ಕೆಲಸ ಮಾಡುವಂಥದ್ದು, ಸಣ್ಣ ಸದ್ದನ್ನೂ ಬಿಡುವುದಿಲ್ಲ. ಕೈ ತಟ್ಟಿದಾಗೆಲ್ಲ ಜಲ್ ಜಲ್.

ಈಗ ಇವರು ಬಳೆ ತೆಗೀರಿ ಅಂದರೆ ನಮ್ಮ ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡೆ. ಮುತ್ತೈದೆಯರಿಗೆ, ಅದೂ ಆಷಾಢದಲ್ಲಿ. ಇವರು ಹಾಗೆ ಅನ್ನಲಿಲ್ಲ. ಐದಾರು ಮೆತ್ತನೆ ಹತ್ತಿ ಬಟ್ಟೆ ತಂದರು. "ಅಮ್ಮಾ, ಬಳೆ ಸ್ವಲ್ಪ ಮೇಲಕ್ಕೆ ಏರಿಸಿ ಇದನ್ನ ಸುತ್ತಿಕೊಳ್ಳಿ. ನಿಮ್ಮ ಬಳೆ ನಿಮಗಿಂತ ಜೋರಾಗಿ ಹಾಡ್ತಾ ಇದೆ" ಅಂದರು. ಎಲ್ಲರೂ ನಕ್ಕರು. ಒಬ್ಬರ ಕೈಗೆ ಇನ್ನೊಬ್ಬರು ಬಟ್ಟೆ ಸುತ್ತಿದರು. ಎರಡು ನಿಮಿಷದ ಕೆಲಸ. ಹಳ್ಳಿಯ ಹೆಂಗಸರು ಇಲ್ಲಿ ಮೊದಲೂ ಬಂದು ಹೋಗಿದ್ದಾರೆ ಅಂತ ಆ ಬಟ್ಟೆಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಒಗೆದು ಮಡಿಸಿ ಇಟ್ಟಿದ್ದವು.

ಎಲೆ ಅಡಿಕೆಗೂ ಹಾಗೇ. ಬಾಯಲ್ಲಿ ಹಾಕಿಕೊಂಡು ಹೇಳಿದರೆ ಪಚಪಚ ಅನ್ನುವುದೂ ಮೈಕಿಗೆ ಕೇಳುತ್ತದೆ. ಬೇಡ ಅನ್ನಲಿಲ್ಲ. ಹೊರಗಿನ ಬಾಲ್ಕನಿಯಲ್ಲಿ ಹಳೆಯ ಪೇಂಟ್ ಡಬ್ಬ ಇಟ್ಟು, ಎರಡು ಪದ ಆದಮೇಲೆ ಒಂದು ಸಲ ಬಿಡುವು ಕೊಡ್ತೀನಿ ಅಂದರು. ಕೊಟ್ಟರು ಕೂಡ.

ತಮಟೆಯ ವಿಷಯ ಸ್ವಲ್ಪ ದೊಡ್ಡದು. ಹೊರಗೆ ಜಿಟಿಜಿಟಿ ಮಳೆ. ಅಂಥ ಹವೆಗೆ ಚರ್ಮ ಸಡಿಲ ಆಗಿ ತಮಟೆ ಬೊದ್ ಬೊದ್ ಅನ್ನುತ್ತದೆ, ಬೆಂಕಿಗೆ ಹಿಡಿಯಲೇಬೇಕು. ಅಣ್ಣ ಇದನ್ನು ಹೇಳುವುದಕ್ಕೆ ಹಿಂಜರಿದರು. ಪಾಪ, ಅಷ್ಟು ಚೆಂದದ ಜಾಗ, ಗೋಡೆಗೆಲ್ಲ ಬಟ್ಟೆ ಹೊದಿಸಿದ್ದಾರೆ. ಮಾಲೀಕರೇ, "ತಮಟೆ ಕಾಯಿಸಬೇಕಲ್ವಾ ಅಣ್ಣಾ? ಬನ್ನಿ" ಅಂತ ಕೆಳಗೆ ಕರಕೊಂಡು ಹೋದರು. ಶೀಟಿನ ಕೆಳಗಿದ್ದ ತಮ್ಮ ಸ್ಕೂಟರ್ ಹೊರಗೆ ತಳ್ಳಿ ಮಳೆಯಲ್ಲಿ ನಿಲ್ಲಿಸಿದರು, ಹಳೆಯ ಪೇಪರಿನ ಕಟ್ಟು ತಂದುಕೊಟ್ಟರು. ಅಣ್ಣ ಒಂದೊಂದೇ ಹಾಳೆ ಉರಿಸಿ, ತಮಟೆ ತಿರುಗಿಸಿ ತಿರುಗಿಸಿ, ಬೆರಳಲ್ಲಿ ತಟ್ಟಿ ನೋಡಿದರು. ಠಣ್ ಅಂದಮೇಲೆ ಮೆಟ್ಟಿಲನ್ನು ಓಡಿಕೊಂಡೇ ಹತ್ತಿದರು, ತಣ್ಣಗಾಗುವುದರೊಳಗೆ ಬಾರಿಸಬೇಕಲ್ಲ.

ತಮಟೆಯ ಮುಂದೆ ದೊಡ್ಡ ಮೈಕು ಇಡಲಿಲ್ಲ. ಶೂರ್ ಎಸ್‌ಎಂ 57 ಅಂತ ಒಂದು ಗಿಡ್ಡ, ಕಪ್ಪು ಮೈಕು ಇಟ್ಟರು. ಗೇಣುದ್ದ ಇಲ್ಲ, ಕೈಯಲ್ಲಿ ಹಿಡಿದರೆ ಸುತ್ತಿಗೆ ಹಿಡಿಯಷ್ಟು ದಪ್ಪ. 1965ರಿಂದ ಬರುತ್ತಿರುವ ಮಾಡೆಲ್ ಅಂತೆ. ಎಷ್ಟು ಜೋರಾಗಿ ಬಾರಿಸಿದರೂ ತಡೆಯುತ್ತದೆ. "ಅಮೆರಿಕದ ಅಧ್ಯಕ್ಷರು ಭಾಷಣ ಮಾಡೋವಾಗ ಮುಂದೆ ಇರೋದು ಇದೇ ಮೈಕು" ಅಂದರು ಮಾಲೀಕರು. ಅಣ್ಣ ಮೈಕನ್ನು ಒಂದು ಸಲ ನೋಡಿ, ಅಂಗಿಯ ಕಾಲರ್ ಸರಿ ಮಾಡಿಕೊಂಡು ಕೂತರು.

ಆರು ಪದ, ಐದು ಗಂಟೆ. ಸಾಯಂಕಾಲ ಹೊರಡುವ ಹೊತ್ತಿಗೆ ಮಳೆ ಜೋರಾಯಿತು. ಗಾಡಿಯ ಡ್ರೈವರ್ ಕೆಳಗಿಂದ ಹಾರನ್ ಹೊಡೆಯುತ್ತಿದ್ದ. ಸ್ಟುಡಿಯೋ ಹುಡುಗ ಕೇಬಲ್ ಸುತ್ತುತ್ತಿದ್ದ, ಹೆಂಗಸರು ಚಪ್ಪಲಿ ಹುಡುಕುತ್ತಿದ್ದರು, ನಾನು ಅವಸರದಲ್ಲಿ ಡಬರಿ, ಚೀಲ, ಜಮಖಾನ ಎಲ್ಲ ಇಳಿಸಿದೆ.

ಮಾರನೆ ದಿನ ಹತ್ತೂವರೆಗೆ, ನನಗೆ ಪೀರಿಯಡ್ ಇಲ್ಲದ ಹೊತ್ತಲ್ಲಿ, ಮಾಲೀಕರ ಫೋನ್ ಬಂತು.

"ಮೇಷ್ಟ್ರೇ, ಎಲ್ಲ ಸುಖವಾಗಿ ಊರು ಸೇರಿದ್ರಾ? ನಿಮ್ಮ ದೊಡ್ಡಮ್ಮ ಅವರ ಎಲೆ ಅಡಿಕೆ ಚೀಲ ಇಲ್ಲೇ ಬಾಲ್ಕನಿಯಲ್ಲಿ ಉಳಿದಿದೆ. ಒಳಗೆ ಬೆಳ್ಳಿ ಸುಣ್ಣದ ಡಬ್ಬಿನೂ ಇದೆ, ಎತ್ತಿಟ್ಟಿದ್ದೀನಿ, ಹುಡುಕಾಡ್ತಾ ಇರ್ತಾರೆ ಹೇಳಿಬಿಡಿ." ನಾನು ಥ್ಯಾಂಕ್ಸ್ ಹೇಳಿದೆ. ಆಮೇಲೆ, "ಹಾಂ, ಇನ್ನೊಂದು. ನಮ್ಮ ಒಂದು ಮೈಕು ನಿಮ್ಮ ಸಾಮಾನಿನ ಜೊತೆ ಬಂದ್ಬಿಟ್ಟಿದೆಯೇನೋ. ನಿನ್ನೆ ಗಡಿಬಿಡಿಲಿ ನಾನು ಎಣಿಸಲೇ ಇಲ್ಲ. ಬೆಳಗ್ಗೆ ಬಂದಿದ್ದ ಕಾಲೇಜ್ ಹುಡುಗರಿಗೂ, ರಾತ್ರಿ ಬಂದಿದ್ದವರಿಗೂ ಫೋನ್ ಮಾಡ್ತಾ ಇದ್ದೀನಿ. ನೀವೂ ಬಿಡುವಾದಾಗ ಒಂದು ಸಲ ನೋಡಿ. ಅರ್ಜೆಂಟ್ ಏನಿಲ್ಲ."

ಇಷ್ಟೇ ಮಾತು. ಇಪ್ಪತ್ತು ವರ್ಷದಿಂದ ವ್ಯಾಕರಣ ಪಾಠ ಮಾಡುವವನು ನಾನು, ಆ ವಾಕ್ಯವನ್ನು ಆಮೇಲೆ ಎಷ್ಟು ಸಲ ಮೆಲುಕು ಹಾಕಿದೆನೋ. "ನೀವು ತಗೊಂಡು ಹೋಗಿದ್ದೀರಾ" ಅಂದಿದ್ದರೆ ಕರ್ತೃಪದ ನೀವು. "ಬಂದ್ಬಿಟ್ಟಿದೆಯೇನೋ" ಅಂದರೆ ಕರ್ತೃ ಮೈಕು. ಅದೇ ಎದ್ದು ನಡಕೊಂಡು ಬಂದು ನಮ್ಮ ಗಾಡಿ ಹತ್ತಿ ಕೂತ ಹಾಗೆ. ಅದರಲ್ಲೂ ಆ "ಬಿಟ್ಟಿದೆ" ನೋಡಿ. ಬಂದಿದೆ ಬೇರೆ, ಬಂದ್ಬಿಟ್ಟಿದೆ ಬೇರೆ. ಎರಡನೆಯದರಲ್ಲಿ ಯಾರೂ ಬೇಕು ಅಂತ ಮಾಡಿದ್ದಲ್ಲ ಅನ್ನುವುದು ಸೇರಿಹೋಗಿದೆ. ಕೊನೆಗೆ ಒಂದು "ಏನೋ". ಇಲ್ಲದೆಯೂ ಇರಬಹುದು ಅಂತ ಬಾಗಿಲು ತೆರೆದಿಟ್ಟ ಹಾಗೆ. ಇನ್ನು, ನಮ್ಮಿಂದ ಅವರಲ್ಲಿ ಉಳಿದದ್ದನ್ನು ಮೊದಲು ಹೇಳಿ, ಅವರಿಂದ ನಮ್ಮಲ್ಲಿಗೆ ಬಂದಿರಬಹುದಾದದ್ದನ್ನು ಆಮೇಲೆ ಹೇಳಿದರು. ಯಾವ ಮೈಕು ಅಂತ ಹೇಳಲೇ ಇಲ್ಲ. ಅದು ಯಾಕೆ ಅಂತ ನನಗೆ ಹೊಳೆದದ್ದು ಸಾಯಂಕಾಲ.

ಇದಕ್ಕೆ ಇಷ್ಟು ಬೆಲೆ ಕೊಡುವುದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಸೌಂಡ್ ಸಿಸ್ಟಂ ತಂದಿದ್ದವರೊಬ್ಬರ ಕಾರ್ಡ್‌ಲೆಸ್ ಮೈಕು ಕಾಣಲಿಲ್ಲ. ಅವರು ನೇರ ವೇದಿಕೆ ಹತ್ತಿ, ಇನ್ನೊಂದು ಮೈಕಿನಲ್ಲಿ, "ಯಾರು ಎತ್ತಿಕೊಂಡಿದ್ದೀರೋ ತಂದು ಕೊಡಿ, ಇಲ್ಲಾಂದ್ರೆ ಗೇಟ್ ಹಾಕಿಸ್ತೀನಿ" ಅಂತ ಕೂಗಿದರು. ಅಪ್ಪ ಅಮ್ಮಂದಿರ ಎದುರಿಗೇ ಮಕ್ಕಳ ಚೀಲ ತಡಕಿದರು. ಮೈಕು ಅವರದೇ ಪೆಟ್ಟಿಗೆಯಲ್ಲಿ, ವೈರಿನ ಕೆಳಗೆ ಸಿಕ್ಕಿತು. ಸಿಕ್ಕಿತು ಅಂತ ಮಾತ್ರ ಮೈಕಿನಲ್ಲಿ ಹೇಳಲಿಲ್ಲ.

ಆದರೆ ನಾನು ಮಾಡಿದ್ದೇನು? ಪಾಠ ಹೇಳುವ ಬಾಯಿ ಕೈಕೊಟ್ಟಿತು. ದೊಡ್ಡಮ್ಮನಿಗೆ ಫೋನ್ ಮಾಡಿ, "ಸ್ಟುಡಿಯೋದ ಮೈಕ್ ಕಾಣ್ತಾ ಇಲ್ವಂತೆ, ನೀವ್ಯಾರಾದ್ರೂ ತಂದಿದ್ದೀರಾ ನೋಡಿ" ಅಂದುಬಿಟ್ಟೆ. ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು, ಅದೂ ಜಗಲಿ ಮೇಲೆ ಕೂತು. ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ಸುದ್ದಿ ಆಗಿದ್ದು, ಮೈಸೂರಿನವರು ನಮ್ಮನ್ನು ಕಳ್ಳರು ಅಂದರಂತೆ ಅಂತ.

"ಎಪ್ಪತ್ತು ವರ್ಸ ಆಯ್ತು ಕಣ್ಲಾ, ಇನ್ನೊಬ್ಬರ ಮನೆ ಕಡ್ಡಿ ಮುಟ್ಟಿಲ್ಲ. ಆಷಾಢದಾಗೆ ಬ್ಯಾಡ ಅಂದೆ, ಕೇಳ್ದಾ?" ಅಂತ ದೊಡ್ಡಮ್ಮ ಫೋನ್ ಇಟ್ಟರು. ಚೀಲ ಸಿಕ್ಕಿದ್ದನ್ನು ಹೇಳುವುದಕ್ಕೂ ಬಿಡಲಿಲ್ಲ.

ಸಾಯಂಕಾಲ ತಮಟೆ ಅಣ್ಣನ ಮಗ ಫೋನ್ ಮಾಡಿದ. ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಅದು ಅಪ್ಪನ ಮುಂದೆ ಇಟ್ಟಿದ್ದ ಮೈಕಾ?"

ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಆದರೆ ಅವನು ಯಾಕೆ ಕೇಳಿದ ಅಂತ ಗೊತ್ತಿತ್ತು. ಊರಲ್ಲಿ ಏನಾದರೂ ಕಳೆದರೆ ಜನರ ಕಣ್ಣು ಮೊದಲು ಯಾವ ಬೀದಿಯ ಕಡೆ ತಿರುಗುತ್ತದೆ ಅಂತ ನಮಗೆಲ್ಲ ಗೊತ್ತು. "ಅಪ್ಪ ಮಧ್ಯಾಹ್ನದಿಂದ ಊಟ ಮಾಡಿಲ್ಲ ಸಾರ್" ಅಂದ.

ಮಾಲೀಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ದುಡ್ಡು ನಾನೇ ಕೊಡ್ತೀನಿ, ಹೊಸದು ತಗೊಳ್ಳಿ ಅಂದೆ. ಹತ್ತು ಸಾವಿರದ ಆಸುಪಾಸಿನ ಸಾಮಾನು, ಹೇಗೋ ಹೊಂದಿಸಬಹುದಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ದುಡ್ಡು ಈಗ ಬೇಡ ಮೇಷ್ಟ್ರೇ. ನೀವು ದುಡ್ಡು ಕೊಟ್ರೆ, ನಮ್ಮವರೇ ತಗೊಂಡಿದ್ರು ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತೆ. ಎಣಿಸದೇ ಬಿಟ್ಟದ್ದು ನನ್ನ ತಪ್ಪು. ಅಣ್ಣನ ನಂಬರ್ ಕೊಡಿ" ಅಂದರು.

ನಂಬರ್ ಕೊಡುವಾಗ ನನಗೆ ಭಯ ಇತ್ತು. ಸಮಾಧಾನ ಮಾಡುವುದಕ್ಕೆ ಹೋಗಿ ಇನ್ನೂ ಕೆಡಿಸಿದರೆ? ನೀವೇನೂ ತಗೊಂಡಿಲ್ಲ ಅಂತ ನಮಗೆ ಗೊತ್ತು ಬಿಡಿ ಅನ್ನುವ ಮಾತೂ ಒಂದು ಬೈಗುಳವೇ ಅಲ್ವಾ?

ಅವರು ಮೈಕಿನ ಮಾತೇ ಎತ್ತಲಿಲ್ಲವಂತೆ. "ಅಣ್ಣಾ, ನಿನ್ನೆ ನಿಮ್ಮ ತಮಟೆ ಬಹಳ ಚೆನ್ನಾಗಿ ಬಂದಿದೆ. ಶನಿವಾರ ಒಂದು ಕಾಲೇಜ್ ಹುಡುಗರ ಹಾಡಿಗೆ ತಮಟೆ ಬೇಕು. ಬರ್ತೀರಾ? ಬಸ್ ಚಾರ್ಜ್ ಬಿಟ್ಟು ಇಷ್ಟು ಕೊಡಿಸ್ತೀನಿ. ಪೇಪರ್ ನಾನು ರೆಡಿ ಇಟ್ಟಿರ್ತೀನಿ" ಅಂದರಂತೆ. ಇಷ್ಟೇ. ಮೈಕು ಇನ್ನೂ ಸಿಕ್ಕಿಲ್ಲ, ಆಗಲೇ ಅದೇ ಮನುಷ್ಯನನ್ನು ಅದೇ ರೂಮಿಗೆ ಕರೆದರು.

ಶನಿವಾರ ಅಣ್ಣ ಮದ್ದೂರಿನಲ್ಲಿ ಮೈಸೂರು ಬಸ್ ಹತ್ತಿದರು. ರಾತ್ರಿ ಬರುವಾಗ ಕೈಯಲ್ಲಿ ದೊಡ್ಡಮ್ಮನ ಎಲೆ ಅಡಿಕೆ ಚೀಲ. ಬೆಳ್ಳಿ ಡಬ್ಬಿ ಇದ್ದ ಚೀಲವನ್ನು ಮಾಲೀಕರು ಇವರ ಕೈಗೇ ಕೊಟ್ಟು ಕಳಿಸಿದ್ದರು. ಅಣ್ಣ ಅದನ್ನು ತಂದು, ಜಗಲಿ ಮೇಲೆ ನಾಲ್ಕು ಜನ ಕೂತಿರುವಾಗ, ದೊಡ್ಡಮ್ಮನ ಮುಂದೆ ಇಟ್ಟರಂತೆ. ಆವತ್ತು ನಾನು ಅಲ್ಲಿರಲಿಲ್ಲ. ಇರಬೇಕಿತ್ತು.

ಆ ಕಾಲೇಜ್ ಹುಡುಗರಿಗೆ ನಿಜವಾಗಿ ತಮಟೆ ಬೇಕಿತ್ತಾ ಅಂತ ಆಮೇಲೆ ಒಂದು ಸಲ ಮಾಲೀಕರನ್ನು ಕೇಳಿದೆ. "ಬೇಕಿತ್ತು ಬಿಡಿ" ಅಂದು ಸ್ಕ್ರೀನ್ ಕಡೆ ತಿರುಗಿಕೊಂಡರು.

ಮೈಕು ಸಿಕ್ಕಿದ್ದು ಶ್ರಾವಣದಲ್ಲಿ. ನಮ್ಮೂರಲ್ಲಿ ಮೊದಲ ಮದುವೆ, ಅರಿಶಿನದ ಶಾಸ್ತ್ರ. ದೊಡ್ಡಮ್ಮನ ಮನೆ ಅಟ್ಟದಿಂದ ಜಮಖಾನ ಇಳಿಸಿ, ಚಪ್ಪರದ ಕೆಳಗೆ ಹಾಸುವುದಕ್ಕೆ ಅಂತ ನನ್ನ ತಂಗಿ ಕೊಡವಿದಳು. ಉರುಳಿಕೊಂಡು ಬಂದು ನೀರಿನ ಕೊಳಗಕ್ಕೆ ತಗುಲಿ ಠಣ್ ಅಂತು. ಕಪ್ಪು ಮೈಕು. ಆಷಾಢ ಪೂರ್ತಿ ಯಾರೂ ಆ ಜಮಖಾನ ಬಿಚ್ಚಿರಲಿಲ್ಲ, ಬಿಚ್ಚುವ ಕೆಲಸವೇ ಇರಲಿಲ್ಲ. ಚೀಲ, ಡಬರಿ, ಗಾಡಿಯ ಸೀಟಿನ ಸಂದಿ ಎಲ್ಲ ಹುಡುಕಿದ್ದೆವು. ಸುತ್ತಿಟ್ಟ ಜಮಖಾನದ ನೆನಪು ಯಾರಿಗೂ ಆಗಿರಲಿಲ್ಲ.

ಸ್ಟುಡಿಯೋ ಹುಡುಗ ಸ್ಟ್ಯಾಂಡ್ ಮಡಿಸುವಾಗ ಮೈಕು ಬಿಚ್ಚಿ ಜಮಖಾನದ ಅಂಚಿಗೆ ಇಟ್ಟಿರಬೇಕು. ಅಷ್ಟರಲ್ಲಿ ಯಾರೋ ಅವಸರದಲ್ಲಿ ಅದನ್ನು ಸುತ್ತಿಬಿಟ್ಟಿದ್ದಾರೆ.

"ಆವತ್ತು ಜಮಖಾನ ಸುತ್ತಿದ್ದು ಯಾರು?" ಅಂತ ದೊಡ್ಡಮ್ಮ ಕೇಳಿದರು. ಕೇಳಬೇಕಾಗಿರಲಿಲ್ಲ. ಆರು ಜನ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ಚಪ್ಪರದ ಕಂಬದ ಹತ್ತಿರ ತಮಟೆ ಕಾಯಿಸುತ್ತಿದ್ದ ಅಣ್ಣ ತಲೆ ಬಗ್ಗಿಸಿಕೊಂಡು ನಗುತ್ತಿದ್ದರು. "ಕಳ್ಳ ಸಿಕ್ದ ಕಣ್ರವ್ವಾ" ಅಂದರು ದೊಡ್ಡಮ್ಮ. ಆ ಮದುವೆಯಲ್ಲಿ ಬೀಗರನ್ನು ಹಂಗಿಸುವ ಪದದೊಳಗೆ ಮೈಕು ಕದ್ದ ಮೇಷ್ಟ್ರೂ ಸೇರಿಕೊಂಡ.

ಮರುವಾರ ಮೈಕು ತಗೊಂಡು ಸರಸ್ವತಿಪುರಂಗೆ ಹೋದೆ. ಅರಿಶಿನ ಸ್ವಲ್ಪ ಹತ್ತಿತ್ತು. ಮಾಲೀಕರು ಕೇಬಲ್ ಸಿಕ್ಕಿಸಿ, ಜಾಲರಿಯ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿದರು. ಸ್ಪೀಕರಿನಲ್ಲಿ ಟಕ್ ಟಕ್ ಬಂತು. ಒಂದು ನೋಟ್‌ಬುಕ್ ತೆಗೆದು ಒಂದು ಸಾಲು ಹೊಡೆದುಹಾಕಿದರು. ನಾನು ಇಣುಕಿದೆ. "57, ಒಂದು, ಎಲ್ಲೋ ಇದೆ" ಅಂತ ಬರೆದಿದ್ದರು. ಕಳೆದಿದೆ ಅಂತ ಅಲ್ಲ.

ಇನ್ನು ನಾನು ಗಮನಿಸಿದ ಬದಲಾವಣೆ. ಈಗ ಮೈಕುಗಳಿಗೆ ಒಂದು ಪೆಟ್ಟಿಗೆ, ಒಳಗೆ ಸ್ಪಂಜಿನಲ್ಲಿ ಒಂದೊಂದಕ್ಕೂ ಅದರದೇ ಆಕಾರದ ಗುಂಡಿ. ಯಾವುದಾದರೂ ಇಲ್ಲದಿದ್ದರೆ ದೂರದಿಂದಲೇ ಬಾಯಿ ಬಿಟ್ಟುಕೊಂಡು ಕಾಣುತ್ತದೆ. ಕೇಬಲ್‌ಗಳ ತುದಿಗೆ ಕೆಂಪು ಉಗುರು ಬಣ್ಣದಲ್ಲಿ ನಂಬರ್. ಬಾಗಿಲಿನ ಒಳಗಡೆ ಒಂದು ಹಾಳೆ ಅಂಟಿಸಿದ್ದಾರೆ: "ಹೊರಡೋ ಮುಂಚೆ ನಮ್ಮದು ನಮ್ಮ ಹತ್ರ, ನಿಮ್ಮದು ನಿಮ್ಮ ಹತ್ರ ಇದೆಯಾ ಅಂತ ಇಬ್ಬರೂ ಸೇರಿ ನೋಡೋಣ." ಕಡೆಯ ಹತ್ತು ನಿಮಿಷ ಇದಕ್ಕೇ, ಅದಕ್ಕೆ ಚಾರ್ಜ್ ಇಲ್ಲ. ಎಣಿಸುವುದು ನಮ್ಮೆದುರಿಗೇ, ನಮ್ಮ ಸಾಮಾನನ್ನೂ ಸೇರಿಸಿ. ಹಾಗಾಗಿ ತಪಾಸಣೆ ಅನ್ನಿಸುವುದಿಲ್ಲ. ನಾವು ಬಿಟ್ಟುಹೋದದ್ದನ್ನು ಇಡುವುದಕ್ಕೆ ಒಂದು ಡಬ್ಬವೇ ಇದೆ. ಅದರಲ್ಲಿ ಎರಡು ಕನ್ನಡಕ, ಒಂದೇ ಒಂದು ಓಲೆ, ಗಿಟಾರಿನ ಕ್ಲಿಪ್ಪು, ಯಾರದೋ ಮೃದಂಗದ ಕಲ್ಲು.

ಬೈಯುವುದೂ ಇದೆ. ಮಿಕ್ಸಿಂಗ್ ಹತ್ತು ದಿನದಲ್ಲಿ ಕೊಡ್ತೀನಿ ಅಂದವರು 24 ದಿನ ತಗೊಂಡರು. ಫೋನ್ ಮಾಡಿದರೆ "ನಾಳೆ ಮೇಷ್ಟ್ರೇ." ಮೈಕಿನ ವಿಷಯದಲ್ಲಿ ಅಷ್ಟು ಚೆನ್ನಾಗಿ ಮಾತಾಡುವವರು ಈ ನಾಳೆಯನ್ನು ಮಾತ್ರ ಎಲ್ಲರ ಹಾಗೇ ಹೇಳುತ್ತಾರೆ. ಮೆಟ್ಟಿಲು ಕಡಿದು, ಕಂಬಿ ಒಂದೇ ಕಡೆ. ದೊಡ್ಡಮ್ಮನ ಮಂಡಿಗೆ ಆವತ್ತು ಸಾಕಾಯಿತು. ಟಾಯ್ಲೆಟ್ ಕೆಳಗೆ. ರೆಕಾರ್ಡಿಂಗ್ ಹೊತ್ತಲ್ಲಿ ಎ.ಸಿ. ನಿಲ್ಲಿಸುತ್ತಾರೆ, ಸದ್ದಾಗುತ್ತದೆ ಅಂತ. ಆಷಾಢದಲ್ಲಿ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಬೆವರು ಒರೆಸಿಕೊಂಡೇ ಹಾಡಬೇಕು. ಟೆಂಪೋ ನಿಲ್ಲಿಸುವುದಕ್ಕೆ ಜಾಗ ಇಲ್ಲ, ಡ್ರೈವರ್ ಹಾರನ್ ಹೊಡೆಯುತ್ತಿದ್ದುದಕ್ಕೆ ಅರ್ಧ ಕಾರಣ ಅದೇ.

ಗಂಟೆಗೆ 700 ರೂಪಾಯಿ, ಮಿಕ್ಸಿಂಗ್ ಒಂದು ಪದಕ್ಕೆ 1,500. ನಮಗೆ ಎಲ್ಲ ಸೇರಿ 12,500 ಆಯಿತು. ಸೌಂಡ್ ಹೇಗಿದೆ ಅಂದರೆ, ನಾಲ್ಕನೆ ಪದದಲ್ಲಿ ದೊಡ್ಡಮ್ಮ ಸೊಲ್ಲು ಶುರು ಮಾಡುವ ಮುಂಚೆ ಉಸಿರು ತಗೊಳ್ಳುವುದು ಕೇಳಿಸುತ್ತದೆ. ತೆಗೆದುಹಾಕಲಾ ಅಂತ ಮಾಲೀಕರು ಕೇಳಿದ್ದರು. ಇರಲಿ ಅಂದೆ. ಎರಡನೆ ಪದದ ಕೊನೆಯಲ್ಲಿ ಯಾರದೋ ಬಟ್ಟೆ ಜಾರಿ, ಒಂದೇ ಒಂದು ಸಲ ಬಳೆ ಜಲ್ ಅಂದಿದೆ. ಅದನ್ನೂ ಬಿಟ್ಟಿದ್ದೇವೆ.

ಭಾನುವಾರಗಳು ಬೇಗ ತುಂಬಿಹೋಗುತ್ತವೆ, ಎರಡು ವಾರ ಮುಂಚೆ ಹೇಳಿ. ನೆಲದ ಮೇಲೆ ಕೂತು ಹಾಡುವವರಾದರೆ ಜಮಖಾನ ನೀವೇ ತನ್ನಿ, ಅಲ್ಲಿರುವುದು ತೆಳುವು. ಸುತ್ತುವ ಮುಂಚೆ ಒಂದು ಸಲ ಕೊಡವಿ.